ಪೈಲಟ್ ಕೊರತೆ ನಿಜ, ಆದರೆ ಯಾವ ಸೀಟಿಗೆ? ಸಣ್ಣ ವಿಮಾನ ಸಂಸ್ಥೆಯೋ ದೊಡ್ಡದೋ ಎಂದು ಲೆಕ್ಕ ಹಾಕುವ ದಾವಣಗೆರೆಯ ಮನೆಗಳಿಗೆ

ಪಿಯುಸಿ ಫಲಿತಾಂಶ ಬಂದ ವಾರ ದಾವಣಗೆರೆಯಲ್ಲಿ ಯಾವ ಮನೆಗೆ ಹೋದರೂ ನೀಟ್, ಸಿಇಟಿ, ಪೇಮೆಂಟ್ ಸೀಟಿನದೇ ಮಾತು. ಜೆಜೆಎಂ ಆಗುತ್ತಾ, ಬಿಐಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತಾ ಎನ್ನುವ ಲೆಕ್ಕದ ಮಧ್ಯೆ ಈಚೆಗೆ ಇನ್ನೊಂದು ಪ್ರಶ್ನೆ ನುಸುಳಿದೆ: "ಪೈಲಟ್ ಮಾಡಿಸಿದ್ರೆ ಹೆಂಗ್ರೀ?" ಕೇಳುವವರಲ್ಲಿ ಚನ್ನಗಿರಿ ಕಡೆಯ ಅಡಿಕೆ ತೋಟದವರಿದ್ದಾರೆ, ಮಂಡಿಪೇಟೆಯ ವ್ಯಾಪಾರಸ್ಥರಿದ್ದಾರೆ, ಚಿತ್ರದುರ್ಗದ ಮೇಷ್ಟ್ರುಗಳೂ ಇದ್ದಾರೆ. ಹೆಣ್ಣುಮಕ್ಕಳ ಪರವಾಗಿ ಕೇಳುವವರು ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಭಾರತದ ಪೈಲಟ್‌ಗಳಲ್ಲಿ ಶೇ. 15ರಷ್ಟು ಮಹಿಳೆಯರು, ಜಗತ್ತಿನ ಸರಾಸರಿಗಿಂತ ಇದು ಎಷ್ಟೋ ಮೇಲು.

ಪ್ರಶ್ನೆ ಹುಟ್ಟಲು ಕಾರಣಗಳಿವೆ. ದಾವಣಗೆರೆಗೆ ವಿಮಾನ ನಿಲ್ದಾಣ ಇಲ್ಲದಿದ್ದರೂ 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ್ದು ಉದ್ಘಾಟನೆಯಾಯಿತು. ಹೊನ್ನಾಳಿ ದಾರಿ ಹಿಡಿದರೆ ಎರಡು ಗಂಟೆಯ ಆಸುಪಾಸಿನಲ್ಲಿ ಆ ನಿಲ್ದಾಣ ಇರುವ ಸೋಗಾನೆ. ಅದೇ ವರ್ಷ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಮುಂದೆ ಮೂವತ್ತು ಸಾವಿರ ಪೈಲಟ್‌ಗಳು ಬೇಕು ಎಂದು ಕೇಂದ್ರ ಸಚಿವರೇ ಹೇಳಿದರು. 2025ರ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದಾಗಲಂತೂ "ನೋಡ್ರಿ, ಪೈಲಟ್‌ಗಳೇ ಇಲ್ಲ, ಹಂಗಂದ್ರೆ ಕೆಲಸ ಗ್ಯಾರಂಟಿ" ಎಂಬ ತೀರ್ಮಾನಕ್ಕೆ ಬಂದವರೇ ಹೆಚ್ಚು.

ಆ ತೀರ್ಮಾನ ಅರ್ಧ ಮಾತ್ರ ಸರಿ. ಉಳಿದ ಅರ್ಧ ತಿಳಿಯದೆ ಐವತ್ತು ಲಕ್ಷ ಸುರಿಯಬಾರದು.

ಕೊರತೆ ಎಡಗಡೆಯ ಸೀಟಿನದು

ಪ್ರಯಾಣಿಕರ ವಿಮಾನದ ಕಾಕ್‌ಪಿಟ್‌ನಲ್ಲಿ ಎಡಕ್ಕೆ ಕ್ಯಾಪ್ಟನ್, ಬಲಕ್ಕೆ ಕೋ-ಪೈಲಟ್. ನಮ್ಮ ದೇಶದಲ್ಲಿ ಬಲಗಡೆ ಕೂರಲು ಸಿಪಿಎಲ್ ಎಂಬ ವಾಣಿಜ್ಯ ಪೈಲಟ್ ಪರವಾನಗಿ ಬೇಕು. ಅದಕ್ಕೆ 18 ತುಂಬಿರಬೇಕು, ಫಿಸಿಕ್ಸ್ ಮತ್ತು ಗಣಿತ ಓದಿ ಪಿಯುಸಿ ಮುಗಿಸಿರಬೇಕು, 200 ಗಂಟೆ ಹಾರಾಟ ಆಗಿರಬೇಕು. ಅದರ ಮೇಲೆ ಆಯಾ ವಿಮಾನದ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸಲು ಬೇಕಾದ ಪ್ರತ್ಯೇಕ ಅರ್ಹತೆ. ಎಡಗಡೆ ಕೂರಬೇಕಾದರೆ ಎಟಿಪಿಎಲ್ ಎಂಬ ಮೇಲಿನ ದರ್ಜೆಯ ಪರವಾನಗಿ ಬೇಕು, ಅದಕ್ಕೆ 1,500 ಗಂಟೆ. ಜೊತೆಗೆ ಸಂಸ್ಥೆಯ ಕಮಾಂಡ್ ತರಬೇತಿ, ಪರೀಕ್ಷೆ. ಫ್ಲೈಯಿಂಗ್ ಸ್ಕೂಲಿನಿಂದ ಹೊರಬಿದ್ದ ಹುಡುಗ ಕ್ಯಾಪ್ಟನ್ ಆಗಲು ವರ್ಷಗಳೇ ಬೇಕು. ವಿಮಾನ ಆರ್ಡರ್ ಮಾಡಿದಂತೆ ಕ್ಯಾಪ್ಟನ್‌ನನ್ನು ಆರ್ಡರ್ ಮಾಡಲು ಬರುವುದಿಲ್ಲ.

ಇನ್ನೊಂದು ತುದಿಯಲ್ಲಿ 2023ರಲ್ಲಿ ವಿಮಾನಯಾನ ನಿಯಂತ್ರಿಸುವ ಕೇಂದ್ರ ಸರ್ಕಾರದ ಡಿಜಿಸಿಎ ಕೊಟ್ಟ ಸಿಪಿಎಲ್‌ಗಳ ಸಂಖ್ಯೆ 1,622. ಅದೇ ವರ್ಷದ ಮೇ ತಿಂಗಳಲ್ಲಿ ಗೋ ಫಸ್ಟ್ ವಿಮಾನ ಸಂಸ್ಥೆ ಹಾರಾಟ ನಿಲ್ಲಿಸಿ, ಅನುಭವಸ್ಥ ಪೈಲಟ್‌ಗಳೂ ಕೆಲಸ ಹುಡುಕುತ್ತಾ ಬೀದಿಗೆ ಬಂದರು. ಹೊಸ ಸಿಪಿಎಲ್ ಹಿಡಿದವರು ಅವರ ಹಿಂದೆ ಸಾಲಿನಲ್ಲಿ ನಿಂತರು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ: ಸಂಸ್ಥೆಗಳಿಗೆ ಕ್ಯಾಪ್ಟನ್ ಇಲ್ಲ, ಹುಡುಗರಿಗೆ ಕೆಲಸ ಇಲ್ಲ.

ಈ ಕೊರತೆಯ ಬಿಸಿ ಮೊದಲು ತಟ್ಟುವುದು ಸಣ್ಣ ಸಂಸ್ಥೆಗಳಿಗೆ. ಅವು ಹುಡುಗರನ್ನು ತೆಗೆದುಕೊಂಡು ತರಬೇತಿ ಕೊಟ್ಟು ಕ್ಯಾಪ್ಟನ್ ಮಾಡುತ್ತವೆ, ದೊಡ್ಡ ಸಂಸ್ಥೆ ಹೆಚ್ಚು ಸಂಬಳ ತೋರಿಸಿ ಕರೆದೊಯ್ಯುತ್ತದೆ. ಇದನ್ನು ತಡೆಯಲೆಂದೇ ಡಿಜಿಸಿಎ 2017ರಲ್ಲಿ ಕ್ಯಾಪ್ಟನ್‌ಗೆ ಒಂದು ವರ್ಷ, ಕೋ-ಪೈಲಟ್‌ಗೆ ಆರು ತಿಂಗಳ ನೋಟಿಸ್ ಅವಧಿ ಗೊತ್ತು ಮಾಡಿತು. ಆದರೂ 2023ರಲ್ಲಿ ಆಕಾಸಾ ಏರ್‌ನ ನಲವತ್ತಕ್ಕೂ ಹೆಚ್ಚು ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಹೊರಟರು, ವಿಷಯ ಕೋರ್ಟ್ ಮೆಟ್ಟಿಲೇರಿತು. ಆಫರ್ ಲೆಟರ್ ಕೈಗೆ ಬಂದಾಗ ಈ ಆರು ತಿಂಗಳು, ಒಂದು ವರ್ಷದ ಮಾತು ನೆನಪಿನಲ್ಲಿರಲಿ.

ಅಮೆರಿಕದ ವಿಡಿಯೋ ನೋಡಿ ಲೆಕ್ಕ ಹಾಕಬೇಡಿ

ಯೂಟ್ಯೂಬ್‌ನಲ್ಲಿ 'ಪೈಲಟ್ ಕೊರತೆ' ಎಂದು ಹುಡುಕಿದರೆ ಬರುವುದು ಹೆಚ್ಚಾಗಿ ಅಮೆರಿಕದ ರೀಜನಲ್ ಏರ್‌ಲೈನ್‌ಗಳ, ಅಂದರೆ ಸಣ್ಣ ಊರುಗಳಿಗೆ ಹಾರುವ ಸಂಸ್ಥೆಗಳ ಕಥೆ. ಅಲ್ಲಿನ ಚರಿತ್ರೆಯೇ ಬೇರೆ. 2009ರ ಫೆಬ್ರವರಿ 12ರಂದು ಕೊಲ್ಗನ್ ಏರ್‌ನ ವಿಮಾನ ಬಫಲೋ ಬಳಿ ಬಿದ್ದು 50 ಜನ ಸತ್ತರು. ವೇಗ ಕುಸಿದ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮೂತಿ ತಗ್ಗಿಸುವ ಬದಲು ಮೇಲಕ್ಕೆಳೆದದ್ದು ತಕ್ಷಣದ ಕಾರಣ. ತನಿಖೆಯಲ್ಲಿ ಕೆಲಸದ ಪರಿಸ್ಥಿತಿಯೂ ಬಯಲಿಗೆ ಬಂತು: ಕಡಿಮೆ ಸಂಬಳದ ಕೋ-ಪೈಲಟ್ ಸಿಯಾಟಲ್‌ನ ಮನೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ, ದೇಶದ ಆ ತುದಿಯಿಂದ ಈ ತುದಿಗೆ ಡ್ಯೂಟಿಗೆ ಬಂದಿದ್ದರು. ಆಮೇಲೆ ಕಾನೂನು ಬದಲಾಗಿ, 2013ರಿಂದ ಅಲ್ಲಿ ಕೋ-ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಕಡ್ಡಾಯವಾಯಿತು. ಹೀಗಾಗಿ ಅಲ್ಲಿ ಕೊರತೆ ಶುರುವಾಗುವುದೇ ಕೆಳಗಿನ ಮೆಟ್ಟಿಲಿನಲ್ಲಿ. ಸಣ್ಣ ಸಂಸ್ಥೆಗಳು ವಿಮಾನ ನಿಲ್ಲಿಸಿದವು, ಸಣ್ಣ ಊರುಗಳು ಹಾರಾಟ ಕಳೆದುಕೊಂಡವು. ಕೊನೆಗೆ 2022ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಅಂಗಸಂಸ್ಥೆಗಳು ಹೊಸ ಕೋ-ಪೈಲಟ್‌ಗೆ ಗಂಟೆಗೆ 90 ಡಾಲರ್‌ನಷ್ಟು ಕೊಡಲು ಒಪ್ಪಿದವು.

ನಮ್ಮಲ್ಲಿ 200 ಗಂಟೆಯವರು ಬಲಗಡೆ ಕೂರಬಹುದು, ಅಂಥವರು ಸಾಲುಗಟ್ಟಿ ನಿಂತಿದ್ದಾರೆ. ಆದ್ದರಿಂದ ಕೊರತೆಯ ಲಾಭ ಕ್ಯಾಪ್ಟನ್‌ನ ಸಂಬಳಕ್ಕೆ ಸೇರುತ್ತದೆ, ಹೊಸಬರ ಕೈಗೆ ಬರುವುದಿಲ್ಲ. ಮುಂದಿನ ಹೋಲಿಕೆಯಲ್ಲಿ ನಾನು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: ಯಾವ ದಾರಿ ನಿಮ್ಮ ಮಗ ಅಥವಾ ಮಗಳನ್ನು ಕಡಿಮೆ ಸಾಲದಲ್ಲಿ ಆ 1,500 ಗಂಟೆಯ ಆಚೆ ದಾಟಿಸುತ್ತದೆ?

ಎಟಿಆರ್, ಎಂಬ್ರೇಯರ್, ಏರ್‌ಬಸ್: ಮೊದಲ ಕೆಲಸ ಎಲ್ಲಿ?

ನಮ್ಮ ಸುತ್ತಮುತ್ತ ಕಾಣುವ ಸಣ್ಣ ವಿಮಾನಗಳು ಎರಡು ಬಗೆ. ಒಂದು ರೆಕ್ಕೆಗೆ ಫ್ಯಾನು ಕಟ್ಟಿದಂತೆ ಕಾಣುವ ಎಟಿಆರ್ 72, ಎಪ್ಪತ್ತು ಚಿಲ್ಲರೆ ಸೀಟಿನದು. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಂದ ಇಂಡಿಗೋದ ಮೊದಲ ವಿಮಾನ ಇದೇ. ಸರ್ಕಾರಿ ಒಡೆತನದ ಅಲಯನ್ಸ್ ಏರ್, ಗೋವಾದಿಂದ ನಡೆಯುವ ಫ್ಲೈ91 ಹಾರಿಸುವುದೂ ಎಟಿಆರ್. ಇನ್ನೊಂದು ಎಂಬ್ರೇಯರ್, ಸಣ್ಣ ಜೆಟ್. 2019ರ ಜನವರಿಯಲ್ಲಿ ಬೆಂಗಳೂರು–ಹುಬ್ಬಳ್ಳಿ ಹಾರಾಟದಿಂದ ಶುರುವಾದ ಸ್ಟಾರ್ ಏರ್‌ನದು ಅದೇ. 50 ಸೀಟಿನದೂ ಇದೆ, 76 ಸೀಟಿನದೂ ಇದೆ. ಇವುಗಳ ಎದುರಿಗೆ ದೊಡ್ಡ ಸಂಸ್ಥೆಗಳ ಏರ್‌ಬಸ್ 320, ಬೋಯಿಂಗ್ 737.

ಮೊದಲು ದಿನದ ಕೆಲಸ. ದಾವಣಗೆರೆ–ಹರಿಹರ ಸಿಟಿ ಬಸ್ ಓಡಿಸುವುದಕ್ಕೂ ಬೆಂಗಳೂರಿಗೆ ನಾನ್‌ಸ್ಟಾಪ್ ಸ್ಲೀಪರ್ ಓಡಿಸುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ. ಎಟಿಆರ್ ಪೈಲಟ್ ಒಂದು ಡ್ಯೂಟಿಯಲ್ಲಿ ಒಂದೊಂದು ಗಂಟೆಯ ನಾಲ್ಕು ಸೆಕ್ಟರ್, ಅಂದರೆ ನಾಲ್ಕು ಸಲ ಏರಿ ಇಳಿಯುವ ಹಾರಾಟ, ಮಾಡಿದ ಎಂದುಕೊಳ್ಳಿ. ಒಂದು ಗಂಟೆ ಮೊದಲೇ ವರದಿ ಮಾಡಬೇಕು, ಪ್ರತಿ ಊರಿನಲ್ಲಿ ಇಳಿಸಿ ಹತ್ತಿಸಲು ಅರ್ಧ ಗಂಟೆ. ಡ್ಯೂಟಿ ಆರೂವರೆ ಗಂಟೆ ಆದರೂ ಲಾಗ್‌ಬುಕ್‌ಗೆ ಬೀಳುವುದು ನಾಲ್ಕೇ. ಬೆಂಗಳೂರು–ದೆಹಲಿ ಹೋಗಿ ಬಂದ ಏರ್‌ಬಸ್ ಪೈಲಟ್‌ಗೆ ಎರಡೇ ಲ್ಯಾಂಡಿಂಗ್‌ನಲ್ಲಿ ಐದು ಗಂಟೆಗೂ ಹೆಚ್ಚು ಸಿಗುತ್ತದೆ. ಎಟಿಪಿಎಲ್‌ಗೆ ಲೆಕ್ಕ ಗಂಟೆಯದು, ಲ್ಯಾಂಡಿಂಗ್‌ನದಲ್ಲ. ಪೈಲಟ್ ಸಂಬಳದ ದೊಡ್ಡ ಭಾಗವೂ ಹಾರಿದ ಗಂಟೆಗೇ ಅಂಟಿಕೊಂಡಿರುತ್ತದೆ. ಆದ್ದರಿಂದ ಸಣ್ಣ ಸಂಸ್ಥೆಯಲ್ಲಿ ಮೈ ಹೆಚ್ಚು ದಣಿಯುತ್ತದೆ, ಗಂಟೆ ನಿಧಾನ ಕೂಡುತ್ತದೆ. ಇದನ್ನು ಜಾಹೀರಾತಿನಲ್ಲಿ ಯಾರೂ ಬರೆಯುವುದಿಲ್ಲ.

ಆದರೆ ಕಲಿಕೆಯ ತಕ್ಕಡಿ ಬೇರೆ ಕಡೆ ವಾಲುತ್ತದೆ. ಎಟಿಆರ್ ಏರುವುದು ಹೆಚ್ಚೆಂದರೆ 25,000 ಅಡಿ. ಜೆಟ್‌ಗಳು ಮೇಲಿಂದ ದಾಟಿಬಿಡುವ ಮೋಡದೊಳಗೇ ಇದು ಹೋಗಬೇಕು. ಜುಲೈ ತಿಂಗಳ ಮಲೆನಾಡಿನ ಮಳೆಯಲ್ಲಿ ದಿನಕ್ಕೆ ನಾಲ್ಕು ಸಲ ಇಳಿಸಿ ಏರಿಸಿದವನ ಕೈ ಪಳಗುತ್ತದೆ. ಹಳೇ ಕ್ಯಾಪ್ಟನ್‌ಗಳಲ್ಲಿ ಅನೇಕರು ಎಟಿಆರ್‌ನಿಂದ ಬಂದವರನ್ನು ಮೆಚ್ಚುವುದು ಇದಕ್ಕೇ. 2003ರಲ್ಲಿ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ಶುರು ಮಾಡಿದ್ದೂ ಎಟಿಆರ್‌ನಲ್ಲೇ. ಈ ಭಾಗದ ಆಕಾಶಕ್ಕೆ ಆ ವಿಮಾನ ಹೊಸದೇನಲ್ಲ.

ಟೈಪ್ ರೇಟಿಂಗ್‌ನ ಬೆಲೆ ಇನ್ನೊಂದು ವಿಷಯ. ಏರ್‌ಬಸ್ 320ರ ರೇಟಿಂಗ್ ದೇಶದ ಹಲವು ಸಂಸ್ಥೆಗಳಲ್ಲಿ ನಡೆಯುತ್ತದೆ. ಎಟಿಆರ್‌ನದು ಎರಡು ಮೂರು ಕಡೆ ನಡೆಯುತ್ತದೆ. ಇಂಡಿಗೋದಂತಹ ಕಡೆ ಎಟಿಆರ್ ಮತ್ತು ಏರ್‌ಬಸ್ ಎರಡೂ ಒಂದೇ ಮನೆಯಲ್ಲಿರುವುದರಿಂದ ಮುಂದೆ ದಾಟಿಕೊಳ್ಳುವ ಆಸೆಗೆ ನೆಲೆ ಇದೆ. ಎಂಬ್ರೇಯರ್ ಹಾಗಲ್ಲ: ನಮ್ಮ ದೇಶದಲ್ಲಿ ಅದರ ನಿಯತ ಹಾರಾಟ ಬಹುತೇಕ ಸ್ಟಾರ್ ಏರ್‌ಗೇ ಸೀಮಿತ. ಅಲ್ಲಿಂದ ಹೊರಡುವವರು ಹೊಸ ರೇಟಿಂಗ್‌ಗೆ ಮತ್ತೆ ದುಡ್ಡು, ಸಮಯ ಹೊಂದಿಸಬೇಕಾದೀತು. ಹಾಗಂತ ಅದು ಕೆಟ್ಟ ಕೆಲಸವಲ್ಲ. ಜೆಟ್ ಅನುಭವ ಜೆಟ್ ಅನುಭವವೇ. ಸಣ್ಣ ಸಂಸ್ಥೆಯಲ್ಲಿ ಹಿರಿತನದ ಸಾಲು ಚಿಕ್ಕದಾದ್ದರಿಂದ, ಸಂಸ್ಥೆ ಬೆಳೆಯುತ್ತಿದ್ದರೆ ಎಡಗಡೆಯ ಸೀಟು ಬೇಗ ಸಿಗುವ ಸಾಧ್ಯತೆಯೂ ಇದೆ.

'ಸಂಸ್ಥೆ ಬೆಳೆಯುತ್ತಿದ್ದರೆ' ಎಂದೆ. ನನಗೆ ಹೆಚ್ಚು ಅನುಮಾನ ಇರುವುದು ಅಲ್ಲೇ. ಸಣ್ಣ ಊರಿನ ಹಾರಾಟದ ಬಹುಪಾಲು ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಸಹಾಯಧನದ ಮೇಲೆ ನಿಂತಿದೆ, ಅದು ಸಿಗುವುದು ಮೂರು ವರ್ಷ. ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿಯ 2023ರ ವರದಿ ಓದಿದರೆ ಎದೆ ಧಸಕ್ಕೆನ್ನುತ್ತದೆ: ಮೊದಲ ಮೂರು ಸುತ್ತಿನಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಮೂರು ವರ್ಷ ಪೂರೈಸಿದ್ದು 112, ಆಮೇಲೂ ಉಳಿದದ್ದು 54. ಬೀದರ್‌ನವರಿಗೆ ಇದು ಅಂಕಿಯಲ್ಲ, ಅನುಭವ. 2020ರಲ್ಲಿ ಟ್ರೂಜೆಟ್ ಬಂತು, 2022ರಲ್ಲಿ ಆ ಸಂಸ್ಥೆಯ ಹಾರಾಟವೇ ನಿಂತಿತು. ನಂತರ ಬಂದ ಸ್ಟಾರ್ ಏರ್ ಕೂಡ ನಡುವೆ ನಿಲ್ಲಿಸಿತ್ತು. ಮಾರ್ಗ ನಿಂತರೆ ಪ್ರಯಾಣಿಕ ರೈಲು ಹತ್ತುತ್ತಾನೆ. ಪೈಲಟ್‌ಗೆ ಗಂಟೆಯೂ ನಿಲ್ಲುತ್ತದೆ, ಸಂಬಳವೂ ಸೊರಗುತ್ತದೆ. ದೊಡ್ಡವರೂ ಮುಳುಗಿದ್ದಾರೆ ನಿಜ: ಕಿಂಗ್‌ಫಿಶರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ. ಆದರೆ ದೊಡ್ಡ ಹಡಗು ಮುಳುಗಲು ಸಮಯ ಬೇಕು, ಸಣ್ಣದಕ್ಕೆ ಒಂದು ಕೆಟ್ಟ ವರ್ಷ ಸಾಕು.

ವಿಶ್ರಾಂತಿ ಮತ್ತು ಊರಿನ ದೂರ

ದಣಿವಿನ ನಿಯಮ ಸಣ್ಣ ಸಂಸ್ಥೆಗೂ ದೊಡ್ಡದಕ್ಕೂ ಇದೆ. ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರಿಸುವಂತಿಲ್ಲ. ಲ್ಯಾಂಡಿಂಗ್ ಹೆಚ್ಚಾದಷ್ಟೂ ಡ್ಯೂಟಿಯ ಮಿತಿ ಕುಗ್ಗುತ್ತದೆ. 2024ರ ಜನವರಿಯಲ್ಲಿ ಡಿಜಿಸಿಎ ಹೊಸ ನಿಯಮ ತಂದು ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿತು. ರಾತ್ರಿ ಎಂದರೆ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಎಂದಾಯಿತು, ರಾತ್ರಿ ಡ್ಯೂಟಿಯಲ್ಲಿ ಲ್ಯಾಂಡಿಂಗ್ ಎರಡಕ್ಕೆ ಇಳಿಯಿತು. ಸಂಸ್ಥೆಗಳು ತಕರಾರು ತೆಗೆದವು, ಜಾರಿ ಮುಂದಕ್ಕೆ ಹೋಯಿತು, ಕೊನೆಗೆ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತದಲ್ಲಿ ಬಂತು. ಡಿಸೆಂಬರ್‌ನ ರದ್ದತಿಗಳು ಅದರ ಬೆನ್ನಿಗೇ. ಪೈಲಟ್‌ಗಳಿಗೆ ನಿದ್ದೆ ಕೊಟ್ಟಿದ್ದಕ್ಕೆ ವಿಮಾನ ನಿಂತವು ಎಂದು ಕೆಲವರು ಬರೆದರು. ನಿಯಮ ಬರುವುದು ಎರಡು ವರ್ಷ ಮೊದಲೇ ಗೊತ್ತಿದ್ದೂ ಜನ ಹೊಂದಿಸಿಕೊಳ್ಳದ್ದಕ್ಕೆ ನಿಂತವು ಎನ್ನುವುದು ನನ್ನ ಓದು. ಇಂಡಿಗೋಗೆ 2026ರ ಫೆಬ್ರವರಿ 10ರವರೆಗೆ ಕೆಲವು ವಿನಾಯಿತಿ ಸಿಕ್ಕವು.

ದಾವಣಗೆರೆಯವರಿಗೆ ಇದರಲ್ಲಿ ಒಂದು ಸ್ವಂತ ಪಾಠ ಇದೆ. ಬೇಸ್, ಅಂದರೆ ಡ್ಯೂಟಿ ಶುರುವಾಗುವ ಊರು, ಬೆಂಗಳೂರು ಸಿಕ್ಕಿತೆಂದರೆ "ವಂದೇ ಭಾರತ್ ಇದೆ, ಮನೆಯಿಂದಲೇ ಓಡಾಡ್ತಾನೆ ಬಿಡಿ" ಎನ್ನುತ್ತಾರೆ. ರಾತ್ರಿ ಬಸ್ ಹತ್ತಿ ನಸುಕಿನ ಐದರ ಡ್ಯೂಟಿಗೆ ಇಳಿಯುವುದು, ಕೊಲ್ಗನ್ ವಿಮಾನದ ಆ ಕೋ-ಪೈಲಟ್ ಮಾಡಿದ್ದೂ ಅದನ್ನೇ. ರಜೆಗೆ ಮನೆಗೆ ಬರಲಿ. ಡ್ಯೂಟಿಗೆ ಮಾತ್ರ ಬೇಸ್ ಊರಿನಲ್ಲಿ ಬಾಡಿಗೆ ಕೋಣೆಯ ಖರ್ಚು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಗೋವಾ ಅಥವಾ ಹೈದರಾಬಾದ್ ಬೇಸ್ ಆದರೆ ಅದೂ ಇನ್ನಷ್ಟು.

ಚಿತ್ರದುರ್ಗದ ಕಡೆಯವರು ತಪ್ಪದೆ ಕೇಳುವ ಒಂದು ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಚಳ್ಳಕೆರೆಯ ಡಿಆರ್‌ಡಿಒ ನೆಲೆಯಲ್ಲಿ ಪೈಲಟ್ ಇಲ್ಲದ ವಿಮಾನ ಹಾರಿಸುತ್ತಾರಲ್ಲ, ನಮ್ಮ ಮಗ ಕಲಿಯುವಷ್ಟರಲ್ಲಿ ಕೆಲಸವೇ ಇಲ್ಲದಂತಾದರೆ? 2019ರಲ್ಲಿ, 2023ರಲ್ಲಿ ಅಂಥ ವಿಮಾನ ನಿಮ್ಮ ಜಿಲ್ಲೆಯ ಹೊಲಗಳಲ್ಲೇ ಬಿದ್ದದ್ದು ನಿಮಗೇ ಗೊತ್ತು. ಪ್ರಯಾಣಿಕರ ಜೆಟ್‌ನಲ್ಲಿ ಇವತ್ತಿಗೂ ಇಬ್ಬರು ಕಡ್ಡಾಯ. ಒಬ್ಬರಿಗೇ ಇಳಿಸುವ ಪ್ರಸ್ತಾಪಕ್ಕೂ ಪೈಲಟ್ ಸಂಘಟನೆಗಳ ವಿರೋಧ ಜೋರಾಗಿದೆ. ಈಗ ಪಿಯುಸಿ ಮುಗಿಸಿದವರು ಅದಕ್ಕೆ ಹೆದರಬೇಕಿಲ್ಲ. ಹೆದರುವುದಾದರೆ ಸಾಲಕ್ಕೆ ಹೆದರಿ.

ಕಲಿಯುವ ದಾರಿಗಳು, ದುಡ್ಡಿನ ಲೆಕ್ಕದಲ್ಲಿ

ಇಲ್ಲೇ ಕಲಿಯುವುದಾದರೆ ರಾಯ್‌ಬರೇಲಿ ಬಳಿಯ ಫುರ್ಸತ್‌ಗಂಜ್‌ನ ಕೇಂದ್ರ ಸರ್ಕಾರದ ಅಕಾಡೆಮಿಗೆ ಹೆಸರಿದೆ, ಪ್ರವೇಶ ಪರೀಕ್ಷೆ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ಶಾಲೆ ಇದೆ. ಬೆಳಗಾವಿ, ಕಲಬುರಗಿಯಲ್ಲಿ ಖಾಸಗಿಯವು ಬಂದಿವೆ. ಒಟ್ಟು ಖರ್ಚು ಐವತ್ತು ಲಕ್ಷದ ಆಚೀಚೆ, ಟೈಪ್ ರೇಟಿಂಗ್ ಬೇರೆ. ಇಲ್ಲಿನ ತೊಂದರೆ ವಿಳಂಬ. ಬೋಧಕರು ಕಡಿಮೆ, ವಿಮಾನ ರಿಪೇರಿಯಲ್ಲಿ, ಮಳೆಗಾಲ ಬೇರೆ. ಒಂದೂವರೆ ವರ್ಷ ಎಂದದ್ದು ಎರಡೂವರೆಗೆ ಎಳೆಯಬಹುದು, ಹಾಸ್ಟೆಲ್ ಖರ್ಚು ಮಾತ್ರ ನಿಲ್ಲದು. 2025ರ ಅಕ್ಟೋಬರ್‌ನಿಂದ ಡಿಜಿಸಿಎ ಶಾಲೆಗಳಿಗೆ ದರ್ಜೆ ಕೊಡಲು ಶುರು ಮಾಡಿದೆ, ಅದನ್ನು ನೋಡದೆ ಯಾರಿಗೂ ಮುಂಗಡ ಕೊಡಬೇಡಿ. ದರ್ಜೆ ನೋಡಿದ ಮೇಲೂ ಒಮ್ಮೆ ಹೋಗಿ, ಅಲ್ಲಿನ ಹುಡುಗರನ್ನು "ಹೋದ ತಿಂಗಳು ಎಷ್ಟು ಗಂಟೆ ಹಾರಿದೆಯಪ್ಪಾ?" ಎಂದು ಕೇಳಿ.

ಅಮೆರಿಕ, ದಕ್ಷಿಣ ಆಫ್ರಿಕಾ ಕಡೆ 200 ಗಂಟೆ ಬೇಗ ಮುಗಿಯುತ್ತದೆ. ವಾಪಸ್ ಬಂದು ಡಿಜಿಸಿಎ ಪರೀಕ್ಷೆ ಬರೆದು, ಹಾರಿಸಿ ತೋರಿಸಿ ಪರವಾನಗಿ ಬದಲಿಸಿಕೊಳ್ಳಬೇಕು. ಇಂಗ್ಲಿಷ್ ಹಿಡಿತ, ಒಂಟಿಯಾಗಿ ಬಾಳುವ ಗಟ್ಟಿತನ ಇದ್ದವರಿಗೆ ಸರಿ.

ಮೂರನೆಯದು ದೊಡ್ಡ ಸಂಸ್ಥೆಗಳ ಕ್ಯಾಡೆಟ್ ಯೋಜನೆ. ಆಯ್ಕೆ ಮೊದಲು, ತರಬೇತಿ ಆಮೇಲೆ, ಮುಗಿದರೆ ಏರ್‌ಬಸ್ ಸೀಟು ಸಿಗುವ ನಿರೀಕ್ಷೆ. ಖರ್ಚು ಒಂದು ಕೋಟಿಯ ಸುತ್ತ. ಹೆಚ್ಚು ಭದ್ರ ಎಂದು ಕಾಣುವುದೂ ಇದೇ, ಹೆಚ್ಚು ಕಟ್ಟಿಹಾಕುವುದೂ ಇದೇ. 'ಸೀಟು ಖಾಲಿ ಇದ್ದರೆ' ಎಂಬ ಸಾಲು ಒಪ್ಪಂದದಲ್ಲಿ ಎಲ್ಲಿ ಕೂತಿದೆ ಎಂದು ವಕೀಲರಿಂದ ಓದಿಸಿ.

ಬ್ಯಾಂಕ್ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ. ನಮ್ಮ ಕಡೆಯವರು ತೋಟದ ಪಹಣಿ ಹಿಡಿದು ಹೋಗಿ ನಿರಾಶರಾಗುತ್ತಾರೆ. ಸಾಲ ಕಟ್ಟದಿದ್ದರೆ ಅಡಮಾನದ ಆಸ್ತಿಯನ್ನು ಬ್ಯಾಂಕೇ ವಶಪಡಿಸಿಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸದ್ದರಿಂದ ಬ್ಯಾಂಕಿನವರಿಗೆ ಬೇಕಾದದ್ದು ಮನೆ ಅಥವಾ ಸೈಟು. ಐವತ್ತು ಲಕ್ಷಕ್ಕೆ ಶೇ. 10.5 ಬಡ್ಡಿಯಲ್ಲಿ ಹತ್ತು ವರ್ಷದ ಕಂತು ತಿಂಗಳಿಗೆ 67,000 ದಾಟುತ್ತದೆ, ಓದುವಾಗ ಕೂಡಿದ ಬಡ್ಡಿ ಬಿಟ್ಟು. ಕೆಲಸ ಸಿಗದ ಒಂದೆರಡು ವರ್ಷ ಈ ಕಂತು ಯಾರು ಕಟ್ಟುತ್ತಾರೆ? ಈ ಪ್ರಶ್ನೆಗೆ ಮನೆಯಲ್ಲಿ ಉತ್ತರ ಇಲ್ಲದಿದ್ದರೆ ಮುಂದೆ ಹೋಗಬೇಡಿ.

ನಾನಾದರೆ ಹೀಗೆ ಆರಿಸುತ್ತಿದ್ದೆ

ಮನೆ ಅಡವಿಟ್ಟೇ ಮಾಡಿಸಬೇಕಾದ ಮಧ್ಯಮ ವರ್ಗದವರು ಹಂತ ಹಂತವಾಗಿ ದುಡ್ಡು ಬಿಚ್ಚಿ. ಮೊದಲು ದಾವಣಗೆರೆಯಲ್ಲೇ ಕಣ್ಣಿನ ಡಾಕ್ಟರ ಹತ್ತಿರ ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ. ಕನ್ನಡಕ ಇದ್ದರೆ ಅಷ್ಟಕ್ಕೇ ದಾರಿ ಮುಚ್ಚುವುದಿಲ್ಲ, ಬಣ್ಣಗುರುಡು ಇದ್ದರೆ ಅಲ್ಲಿಗೇ ನಿಲ್ಲಿಸಿಬಿಡಿ. ಆಮೇಲೆ ಡಿಜಿಸಿಎ ಎರಡನೇ ದರ್ಜೆ, ಮೊದಲನೇ ದರ್ಜೆ ವೈದ್ಯಕೀಯ ತಪಾಸಣೆ. ನಂತರ ನೇವಿಗೇಶನ್, ಹವಾಮಾನ, ನಿಯಮಾವಳಿ, ತಾಂತ್ರಿಕ ವಿಷಯದ ಪರೀಕ್ಷೆಗಳು. ನೂರಕ್ಕೆ 70 ಬಂದರಷ್ಟೇ ಪಾಸು. ಇಷ್ಟಕ್ಕೂ ತಗಲುವುದು ಒಟ್ಟು ಖರ್ಚಿನ ಸಣ್ಣ ಪಾಲು. ಇದನ್ನು ದಾಟಿದ ಹುಡುಗನಿಗೆ ಉಳಿದ ದುಡ್ಡು ಹಾಕಲು ಧೈರ್ಯ ಬರುತ್ತದೆ, ದಾಟದಿದ್ದರೆ ಮನೆ ಉಳಿಯುತ್ತದೆ. ಸಿಪಿಎಲ್ ಬಂದ ಮೇಲೆ ಎಟಿಆರ್ ಕೆಲಸ ಸಿಕ್ಕರೆ ಏರ್‌ಬಸ್‌ಗೆ ಕಾಯುತ್ತಾ ಕೂರಬೇಡಿ. ಎರಡೂ ಒಟ್ಟಿಗೆ ಸಿಕ್ಕರೆ ಏರ್‌ಬಸ್. ಆಫರ್ ಲೆಟರ್ ಇಲ್ಲದೆ ಸ್ವಂತ ದುಡ್ಡಿನಲ್ಲಿ ಟೈಪ್ ರೇಟಿಂಗ್ ಮಾಡಿಸುವುದು ಮಾತ್ರ ಬೇಡವೇ ಬೇಡ.

ಕೋಟಿ ಹೋದರೂ ಮನೆ ಅಲ್ಲಾಡದು ಎನ್ನುವವರು ಕ್ಯಾಡೆಟ್ ಯೋಜನೆ ನೋಡಬಹುದು. ಕೆಲಸ ಸಿಗದೆ ಕಾಯುವವರಿಗೆ ಫ್ಲೈಯಿಂಗ್ ಸ್ಕೂಲಿನಲ್ಲಿ ಬೋಧಕನಾಗುವ ದಾರಿಯೂ ಇದೆ. ಅದಕ್ಕೆ ಬೇರೆ ರೇಟಿಂಗ್ ಬೇಕು, ಸಂಬಳ ಕಡಿಮೆ, ಆದರೆ ಗಂಟೆ ಕೂಡುತ್ತದೆ, ಬೋಧಕರ ಕೊರತೆ ನಿಜವಾಗಿಯೂ ಇದೆ. ಯಾಕೋ ನಮ್ಮ ಹುಡುಗರು ಇದನ್ನು ಕೀಳಾಗಿ ನೋಡುತ್ತಾರೆ.

ಸಣ್ಣ ಸಂಸ್ಥೆಯ ಆಫರ್ ಬಂದಾಗ ಸಹಿಗೆ ಮೊದಲು ಕೇಳಬೇಕಾದವು ಕೆಲವಿವೆ. ಹಾರಾಟ ಇಲ್ಲದ ತಿಂಗಳೂ ಖಾತ್ರಿಯಾಗಿ ಎಷ್ಟು ಗಂಟೆಯ ಸಂಬಳ ಕೊಡುತ್ತಾರೆ? ಸ್ಟ್ಯಾಂಡ್‌ಬೈ ದಿನಕ್ಕೆ ಏನು? ರೋಸ್ಟರ್ ಎಷ್ಟು ದಿನ ಮೊದಲು ಕೈಗೆ ಬರುತ್ತದೆ? ವಿಮಾನಗಳಲ್ಲಿ ಈಗ ಹಾರುತ್ತಿರುವುದೆಷ್ಟು, ಬಿಡಿಭಾಗ ಇಲ್ಲದೆ ನಿಂತದ್ದೆಷ್ಟು? ಹೋದ ವರ್ಷ ಎಷ್ಟು ಕೋ-ಪೈಲಟ್‌ಗಳು ಕ್ಯಾಪ್ಟನ್ ಆದರು? ಇದಕ್ಕೆ ಎಚ್‌ಆರ್‌ನವರ ಉತ್ತರ ಸಾಲದು, ಅಲ್ಲಿ ಹಾರಿಸುತ್ತಿರುವ ಯಾರನ್ನಾದರೂ ಹಿಡಿದು ಕೇಳಿ. ಇನ್ನು ಬಾಂಡ್, ಅಂದರೆ ಅವಧಿಗೆ ಮೊದಲೇ ಕೆಲಸ ಬಿಟ್ಟರೆ ದುಡ್ಡು ಕಟ್ಟುವ ಕರಾರು. ಮೊತ್ತ ಎಷ್ಟು, ವರ್ಷ ಕಳೆದಂತೆ ಇಳಿಯುತ್ತದೆಯೇ, ಸಂಬಳ ತಿಂಗಳುಗಟ್ಟಲೆ ತಡವಾದರೂ ಪೈಲಟ್‌ನನ್ನು ಕಟ್ಟಿಹಾಕುತ್ತದೆಯೇ, ಅಸಲು ಸರ್ಟಿಫಿಕೇಟ್ ಅಥವಾ ಖಾಲಿ ಚೆಕ್ ಕೇಳುತ್ತಾರೆಯೇ ಎಂದು ನೋಡಿ. ಖಾಲಿ ಚೆಕ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.